ಗೇಟಿನಲ್ಲಿ ಇಳಿಸಿದ ಉಡಿ

ಕೃಷ್ಣೆಯ ಅಣೆಕಟ್ಟಿನ ಕೆಳಗೆ ಪವರ್‌ಹೌಸ್ ಶುರುವಾದ ಹೊಸದರಲ್ಲಿ ನನ್ನನ್ನು ಅದರ ಗೇಟಿಗೆ ಹಾಕಿದರು. ಬಸವನ ಬಾಗೇವಾಡಿ ತಾಲೂಕಿನ ಆ ಗೇಟಿನಲ್ಲಿ ಹೆಂಗಸರನ್ನು ತಪಾಸಣೆ ಮಾಡಲು ಇದ್ದ ಹೆಣ್ಣು ಪೊಲೀಸ್ ನಾನೊಬ್ಬಳೇ. ಕೆಲಸ ಹೇಳಲು ಸುಲಭ: ಒಳಗೆ ಹೋಗುವ ಹೆಣ್ಣುಮಕ್ಕಳ ಚೀಲ, ಬುತ್ತಿ, ಗಂಟು ನೋಡಿ ಬಿಡುವುದು. ಮಾಡಿದವರಿಗೆ ಗೊತ್ತು, ನಮ್ಮ ಸೀಮೆಯ ಹೆಂಗಸರ ಗಂಟು ಬಿಚ್ಚಿಸುವುದಕ್ಕಿಂತ ಕಳ್ಳನ ಬಾಯಿ ಬಿಡಿಸುವುದು ಹಗುರ.

ನನ್ನ ತವರು ಇಂಡಿ ತಾಲೂಕಿನ ಹೊರ್ತಿ. ಕೊಟ್ಟದ್ದು ಮುದ್ದೇಬಿಹಾಳಕ್ಕೆ. ಗಂಡ ಸಿಂದಗಿ ಠಾಣೆಯಲ್ಲಿ ಪೊಲೀಸ್ ಇದ್ದ. ಬಂದೋಬಸ್ತಿಗೆ ಹೋದವನು ಮೋಟಾರ್‌ಸೈಕಲ್ ಮೇಲಿಂದ ಬಿದ್ದು ತೀರಿಕೊಂಡ. ಆಮೇಲೆ ಅನುಕಂಪದ ಆಧಾರದ ಮೇಲೆ ನನಗೆ ಇಲಾಖೆಯಲ್ಲಿ ನೌಕರಿ ಸಿಕ್ಕಿತು. ಆ ಅನುಕಂಪ ಎನ್ನುವ ಶಬ್ದ ಕೇಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ನಾನೂ ಎಲ್ಲರ ಹಾಗೆ ಮೈದಾನದಲ್ಲಿ ಓಡಿದ್ದೇನೆ, ಕವಾಯತು ಮಾಡಿದ್ದೇನೆ, ಬಂದೂಕು ಹಿಡಿದು ಗುರಿ ಹೊಡೆದಿದ್ದೇನೆ. ಅನುಕಂಪ ಬಂದು ನನ್ನ ಪರವಾಗಿ ಓಡಲಿಲ್ಲ. ಆದರೆ ಖಾಕಿಯ ಮೇಲೆ ನನಗೆ ಪ್ರೀತಿ ಇತ್ತು. ಟೊಪ್ಪಿಗೆ ಹಾಕಿಕೊಂಡರೆ ನನ್ನ ಬರಿ ಹಣೆ ಅರ್ಧ ಮುಚ್ಚುತ್ತಿತ್ತು. ಸೀರೆಯಲ್ಲಿ ಹೋದಾಗ ಎದುರಿಗೆ ಬಂದವರು ಮುಖ ತಿರುಗಿಸುತ್ತಿದ್ದರು, ಖಾಕಿಯಲ್ಲಿ ಹೋದರೆ ದಾರಿ ಬಿಡುತ್ತಿದ್ದರು.

ದೇಶದಲ್ಲಿ ಎಲ್ಲೆಲ್ಲೋ ಬಾಂಬಿನ ಸುದ್ದಿ ಬರುತ್ತಿದ್ದ ಕಾಲ ಅದು. ಅಣೆಕಟ್ಟು, ಪವರ್‌ಹೌಸ್, ದೊಡ್ಡ ಲೈನುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕೆಂದು ಸರಕಾರದಿಂದ ಆದೇಶ ಬಂದಿತ್ತು. ಬೇಲಿ ಇದ್ದಲ್ಲಿ ಗೋಡೆ ಎದ್ದಿತು. ಗೋಡೆಯ ಮೂಲೆಗಳಲ್ಲಿ ಬಂದೂಕಿನವರು ನಿಂತರು. ಹಿನ್ನೀರಿನಲ್ಲಿ ಮೋಟಾರ್ ದೋಣಿ ಓಡಾಡತೊಡಗಿತು. ಮೀನುಗಾರರಿಗೆ ಫೋಟೊ ಅಂಟಿಸಿದ ಪಾಸು ಕೊಟ್ಟರು. ಅಣೆಕಟ್ಟಿನ ಮೇಲೆ ಕ್ಯಾಮೆರಾ ತೆಗೆದರೆ ಸೀಟಿ ಊದುತ್ತಿದ್ದರು. ಸರಕಾರ ಅಂದಮೇಲೆ ಎಡವಟ್ಟು ಇಲ್ಲದೆ ಇರುತ್ತದೆಯೇ? ನೆತ್ತಿ ಸುಡುವ ಬೇಸಿಗೆಯಲ್ಲಿ ನಮಗೆ ರೇನ್‌ಕೋಟು ಕಳಿಸಿದ್ದರು. ಆದರೂ ಹೇಳುತ್ತೇನೆ, ಅಷ್ಟು ಶ್ರದ್ಧೆಯಿಂದ ಸರಕಾರ ಒಂದು ಕೆಲಸ ಮಾಡಿದ್ದನ್ನು ನಾನು ಹತ್ತಿರದಿಂದ ನೋಡಿದ್ದು ಅಲ್ಲಿಯೇ.

"ಇಲ್ಲೇನ್ ಬಂಗಾರ ಇಟ್ಟಾರೇನ್ರಿ, ಇಷ್ಟ ಕಾಯಾಕ?" ಎಂದು ಜನ ಕೇಳುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಹೊರ್ತಿಯಲ್ಲಿ ನಮ್ಮ ಅಪ್ಪನಿಗೆ ಒಂದು ಬಾವಿ, ಅದರ ಮೇಲೊಂದು ಮೋಟಾರು, ಸುತ್ತ ನಿಂಬೆಯ ಗಿಡ. ಕರೆಂಟು ಬಂತೆಂದರೆ ಅಪ್ಪ ತಾಟಿನಲ್ಲಿ ರೊಟ್ಟಿ ಬಿಟ್ಟು ಹೊಲಕ್ಕೆ ಓಡುತ್ತಿದ್ದ. ಕರೆಂಟು ಬಾರದ ವಾರಗಳಲ್ಲಿ ಕಾಯಿ ಹಿಡಿದ ಗಿಡದ ಎಲೆ ಮುದುಡುವುದನ್ನು ನೋಡುತ್ತ ಬದುವಿನ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಆಗ ಅವನನ್ನು ಮಾತಾಡಿಸಲು ಅವ್ವನಿಗೂ ಧೈರ್ಯ ಇರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳಿಗೆ ಪವರ್‌ಹೌಸ್ ಯಾಕೆ ಕಾಯಬೇಕೆಂದು ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ನಮ್ಮ ಗೇಟಿನ ಉಸ್ತುವಾರಿ ಒಬ್ಬ ಇನ್‌ಸ್ಪೆಕ್ಟರ್ ಸಾಹೇಬರದು. ಸಿಂದಗಿ ಕಡೆಯ ಒಕ್ಕಲುತನದ ಮನೆಯವರು, ಸಣ್ಣ ಆಳು, ದನಿ ಅದಕ್ಕಿಂತ ಸಣ್ಣದು. ಮೊದಲ ದಿನ ನೋಡಿ, ಇವರೇನು ಗೇಟು ಕಾಯುತ್ತಾರೆ ಅಂದುಕೊಂಡಿದ್ದೆ. ಮರುದಿನ ಬೆಳಿಗ್ಗೆ ಅವರು ಜೀಪಿನಿಂದ ಇಳಿದು ನೇರ ಬಂದು ನಮ್ಮ ಹವಾಲ್ದಾರರ ಮುಂದೆ ಎರಡೂ ಕೈ ಚಾಚಿ ನಿಂತರು. ಹವಾಲ್ದಾರರು ಗಾಬರಿಯಾಗಿ ಸೆಲ್ಯೂಟ್ ಹೊಡೆದರು.

"ಸೆಲ್ಯೂಟ್ ಆಮ್ಯಾಲ ಹೊಡೀರಿ. ಮೊದಲ ಕಿಸೆ ನೋಡ್ರಿ," ಅಂದರು ಸಾಹೇಬರು.

ಅಂದಿನಿಂದ ದಿನಾ ಹಾಗೆಯೇ. ಅವರ ಹೆಂಡತಿ ಬುತ್ತಿ ತಂದರೆ ಬುಟ್ಟಿ ಹೊತ್ತ ಕೂಲಿ ಹೆಂಗಸರ ಹಿಂದೆ ಸಾಲಿನಲ್ಲಿ ನಿಲ್ಲುತ್ತಿದ್ದರು, ನಾನು ಡಬ್ಬಿಯ ಮುಚ್ಚಳ ತೆಗೆಸಿ ನೋಡಿಯೇ ಬಿಡುತ್ತಿದ್ದೆ. ಆಮೇಲೆ ಯಾವ ಎಂಜಿನಿಯರನೂ ನನ್ನ ಮುಂದೆ ಮೀಸೆ ತಿರುವಲಿಲ್ಲ.

ಆದರೆ ಅವರು ಬರೀ ಕಾನೂನಿನ ಮನುಷ್ಯರಾಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಶುರುವಿನಲ್ಲಿ ಕೂಲಿ ಹೆಂಗಸರು ಬುತ್ತಿ ಬಿಚ್ಚಲು ಕೊಡುತ್ತಿರಲಿಲ್ಲ. "ಕಂಡಕಂಡವರು ಮುಟ್ಟಿದ ರೊಟ್ಟಿ ನಾವ್ ಹೆಂಗ ತಿನ್ನೂಣ?" ಎಂದು ನನ್ನ ಮೇಲೆ ಏರಿ ಬರುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ, ದಿನಾ ಒಂದು ಜಗಳ. ಸಾಹೇಬರು ಎರಡೂ ಕಡೆಯ ಬೈಗುಳ ಕೇಳಿ ಗೇಟಿನಲ್ಲಿ ಒಂದು ಹರವಿ ನೀರು, ಒಂದು ಸೋಪು ಇಡಿಸಿದರು. ಗಂಟು ಒಡತಿಯೇ ಬಿಚ್ಚಬೇಕು, ನಾನು ಅವಳೆದುರಿಗೆ ಕೈ ತೊಳೆದು ನೋಡಬೇಕು. ನೋಡಿದ ಸಾಮಾನು ಗೇಟು ದಾಟುವ ತನಕ ನಮ್ಮಿಬ್ಬರನ್ನು ಬಿಟ್ಟು ಮೂರನೆಯವರ ಕೈ ಸೇರಬಾರದು. ನಡುವೆ ಯಾರಾದರೂ ಏನಾದರೂ ಸೇರಿಸಿದರೆ ನೋಡಿ ಏನು ಫಲ? ಜಗಳ ನಿಂತಿತು. ಕೆಲವು ಹೆಂಗಸರು ನನ್ನ ಕೈಗೆ ಶೇಂಗಾ ಹಿಂಡಿ ಹಚ್ಚಿದ ರೊಟ್ಟಿಯ ತುಂಡನ್ನೂ ಕೊಡತೊಡಗಿದರು.

ಇದಾಗಿ ಕೆಲವು ತಿಂಗಳಿಗೆ ಒಂದು ಮುಂಜಾನೆ ವೈರ್‌ಲೆಸ್‌ನಲ್ಲಿ ಕಟ್ಟೆಚ್ಚರದ ಆದೇಶ ಬಂತು. ಎಲ್ಲಿ ಏನಾಗಿತ್ತೋ ನಮಗೆ ಹೇಳಲಿಲ್ಲ. ವಾಹನಗಳನ್ನು ದೂರದ ತಿರುವಿನಲ್ಲೇ ನಿಲ್ಲಿಸಬೇಕು, ಪ್ರತಿಯೊಂದು ಗಂಟನ್ನೂ ಬಿಚ್ಚಿಸಬೇಕು, ಯಾರಿಗೂ ರಿಯಾಯಿತಿ ಇಲ್ಲ. ಸಾಹೇಬರು ನಮ್ಮನ್ನೆಲ್ಲ ನಿಲ್ಲಿಸಿ ಓದಿ ಹೇಳಿದರು.

ಮಧ್ಯಾಹ್ನದ ಬಿಸಿಲಲ್ಲಿ ತಿರುವಿನ ಕಡೆಯಿಂದ ಇಬ್ಬರು ಹೆಂಗಸರು ನಡೆದು ಬಂದರು. ಮುಂದೆ ತುಂಬು ಬಸುರಿ. ಹಸಿರು ಸೀರೆ, ಕೈತುಂಬ ಹಸಿರು ಬಳೆ, ಮುಡಿತುಂಬ ಹೂವು. ಸೆರಗಿನ ಮಡಿಲಲ್ಲಿ ಉಡಿ ತುಂಬಿಕೊಂಡು ಎರಡೂ ಕೈಯಿಂದ ಹಿಡಿದಿದ್ದಳು. ಅವಳಿಂದ ನಾಲ್ಕು ಮಾರು ಹಿಂದೆ ಒಬ್ಬ ಮುದುಕಿ. ಬಸುರಿಯ ಗುರುತು ನನಗಿತ್ತು. ಒಳಗೆ ಯಂತ್ರ ನಡೆಸುವ ಆಪರೇಟರನ ಹೆಂಡತಿ. ಪಾಳಿಯ ನೌಕರರ ಮನೆಗಳು ಗೇಟಿನ ಒಳಗೇ ಇದ್ದವು. ಮುದುಕಿ ಅವಳ ಅತ್ತೆ. ಮುದ್ದೇಬಿಹಾಳದ ಕಡೆಯ ತವರಿನಲ್ಲಿ ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು ಬರುತ್ತಿದ್ದರು. ಹಿಂದೆ ಎರಡು ಸಲ ಅವಳ ಹೊಟ್ಟೆ ನಿಂತಿರಲಿಲ್ಲ ಎನ್ನುವುದು ಕಾಲೊನಿಗೆಲ್ಲ ಗೊತ್ತಿದ್ದ ಸಂಗತಿ. ತವರಿನವರು ತುಂಬಿದ ಉಡಿಯನ್ನು ಅವಳು ಗಂಡನ ಮನೆಯ ದೇವರ ಜಗಲಿಯ ಮುಂದೆ ಇಳಿಸಬೇಕು. ಅದಕ್ಕೆ ಮೊದಲು ದಾರಿಯಲ್ಲಿ ಎಲ್ಲೂ ಬಿಚ್ಚುವ ಹಾಗಿಲ್ಲ.

ನಾನು ಕೈಯಲ್ಲಿನ ಲೋಹ ಪತ್ತೆ ಮಾಡುವ ಡಿಟೆಕ್ಟರ್ ಆಡಿಸಿದೆ. ಉಡಿಯ ಹತ್ತಿರ ಅದು ಕುಂಯ್ ಎಂದಿತು. ಇನ್ನೊಮ್ಮೆ ಆಡಿಸಿದೆ. ಮತ್ತೆ ಕುಂಯ್ ಎಂದಿತು. ಕೊಬ್ಬರಿ, ಅಕ್ಕಿ, ಉತ್ತತ್ತಿ, ಅರಿಷಿಣ ಬೇರು ಯಾವುದೂ ಹಾಗೆ ಕೂಗುವ ಪದಾರ್ಥವಲ್ಲ.

"ಒಳಗ ಏನೈತಿ, ತಂಗಿ?"

"ನನಗ ಗೊತ್ತಿಲ್ರಿ ಅಕ್ಕಾರ. ಅವ್ವ ತುಂಬ್ಯಾಳ," ಅಂದಳು. ಮುಖ ಬಿಳಿಚಿಕೊಂಡಿತ್ತು.

"ಉಡಿ ಬಿಚ್ಚಬೇಕಾಕ್ಕೈತಿ."

ಅವಳು ಸೆರಗನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡು ಹಿಂದೆ ಸರಿದಳು. ಕಣ್ಣಲ್ಲಿ ನೀರು ಬಂತು. ಅವಳ ಹಿಂದೆ ಸಾಲು ಬೆಳೆಯುತ್ತಿತ್ತು. ಬಂದೂಕಿನ ಹುಡುಗ ನನ್ನ ಹತ್ತಿರ ಬಂದು, "ಬಿಡ್ರಿ ಅಕ್ಕಾರ, ನಮ್ಮ ಆಪರೇಟರ್ ಹೇಣ್ತಿ. ಉಡಿ ತುಂಬಿದಾಕಿನ್ನ ಯಾರರೆ ತಡೀತಾರೇನು?" ಅಂದ. ಬೇರೆ ಸೀಮೆಯ ಕಾವಲುಗಾರನಾಗಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ನಮ್ಮವರಿಗೆ ಉಡಿ ಕಂಡರೆ ಕೈ ತಾನಾಗಿಯೇ ಮುಗಿಯುತ್ತದೆ. ಕೆಡಕು ಮಾಡುವವನಿಗೂ ಅದು ತಿಳಿದಿರುತ್ತದೆ ಎನ್ನುವುದು ನನ್ನ ತಲೆಯಲ್ಲಿ ಓಡುತ್ತಿತ್ತು.

ನಾನು ಹರವಿಯ ನೀರಿನಲ್ಲಿ ಕೈ ತೊಳೆದು ಅವಳತ್ತ ಹೆಜ್ಜೆ ಇಟ್ಟೆ. ಆಗ ಮುದುಕಿ ನಡುವೆ ಬಂದಳು.

"ಮುಟ್ಟಬ್ಯಾಡ!"

"ಯಾಕ ಮುಟ್ಟಬಾರದು? ನನ್ನ ಕೆಲಸ ಐತಿ," ಅಂದೆ. ನನ್ನ ದನಿಯೂ ಏರಿತ್ತು.

"ನಿನ್ನ ಹಣಿ ನೋಡಿಕೊಂಡೀಯೇನ?"

ನನ್ನ ಬಾಯಿಗೆ ಬರಬಾರದ ಮಾತೆಲ್ಲ ಬಂದವು. ಅಷ್ಟರಲ್ಲಿ ಮುದುಕಿ ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ಅವಳ ಹಣೆಯೂ ಬರಿದಾಗಿತ್ತು.

"ನಾನರೆ ಮುಟ್ಟೀನೇನ? ನನ್ನ ಸೊಸಿ, ನನ್ನ ಮನಿ ಕೂಸು. ಊರಿಂದ ಇಲ್ಲೀತನ ಆಕಿ ನೆಳ್ಳ ಸುದ್ದಾ ತುಳೀಲಾರದಂಗ ಹಿಂದ ಹಿಂದ ಬಂದೀನಿ. ಎರಡ ಸಲ ಕಳಕೊಂಡಾಳವಾ. ಈ ಸಲ ಏನರೆ ಆತಂದ್ರ, ಯಾರ ಕೈ ತಾಗಿತ್ತು ಅಂತ ಮಂದಿ ಹುಡುಕತಾರ. ನನ್ನ ಕೈ ಆಗಬಾರದು. ನಿನ್ನ ಕೈಯೂ ಆಗಬಾರದು."

ನನ್ನ ಸಿಟ್ಟು ಎಲ್ಲಿ ಹೋಯಿತೋ. ನಾಲ್ಕು ಮಾರು ಹಿಂದೆ ನಡೆದು ಬಂದ ಆ ಮುದುಕಿಯನ್ನು ಬೈಯುವಂತಿರಲಿಲ್ಲ. ಹಾಗೆಂದು ಬಿಡುವಂತೆಯೂ ಇರಲಿಲ್ಲ. ಹವಾಲ್ದಾರರು ಸಾಹೇಬರನ್ನು ಕರೆದು ತಂದರು.

ಸಾಹೇಬರು ಎಲ್ಲ ಕೇಳಿಸಿಕೊಂಡರು. ಅವರು ಹೇಳಬಹುದಾದದ್ದು ಎರಡೇ ಅಂತ ನಾನು ತಿಳಿದಿದ್ದೆ: ಬಿಚ್ಚಿಸಿ, ಇಲ್ಲವೇ ಬಿಡಿ. ಅವರು ಬಸುರಿಯ ಮುಂದೆ ಕೈ ಮುಗಿದರು.

"ತಾಯಿ, ನೋಡದಽ ಒಳಗ ಬಿಡಾಕ ನನಗ ಬರೂದಿಲ್ಲ. ನಿಮ್ಮ ಯಜಮಾನರೂ ಒಳಗಿದ್ದಾರ, ಅವರ ಜೀವಾನೂ ನಾನಽ ಕಾಯಬೇಕು. ಆದ್ರ ಬೀದ್ಯಾಗ ಉಡಿ ಬಿಚ್ಚಿಸೂದೂ ಇಲ್ಲ. ಉಡಿ ಎಲ್ಲಿ ಇಳಸ್ತಾರ?"

"ಮನ್ಯಾಗ್ರಿ. ದೇವರ ಮುಂದ," ಎಂದಳು ಹುಡುಗಿ.

"ಹಂಗಾರ ನಮ್ಮ ಚೌಕ್ಯಾಗ ಇಳಸ್ರಿ. ಅದು ಸರಕಾರದ ಮನಿ. ಅಲ್ಲೂ ದೇವರೈತಿ."

ಗೇಟಿನ ಪಕ್ಕದ ಪೊಲೀಸ್ ಚೌಕಿಯಲ್ಲಿ ಒಂದು ಹಲಗೆಯ ಮೇಲೆ ದೇವಿಯ ಪಟ ಇತ್ತು. ಹವಾಲ್ದಾರರು ಶುಕ್ರವಾರಕ್ಕೊಮ್ಮೆ ಊದಿನಕಡ್ಡಿ ಹಚ್ಚುತ್ತಿದ್ದರು. ಗಂಡಸರನ್ನೆಲ್ಲ ಹೊರಗೆ ಹಾಕಿದರು. ಬಂದೂಕು, ಲಾಠಿ ಹೊರಗೆ ಬಂದವು. ನೆಲಕ್ಕೆ ನೀರು ಹಾಕಿ ಒರೆಸಿದರು. ಸಾಹೇಬರ ಕುರ್ಚಿಯ ಮೇಲಿನ ಹೊಸ ಟವೆಲನ್ನೇ ಪಟದ ಮುಂದೆ ಹಾಸಿದರು. ದೀಪ ಹಚ್ಚಿದರು. ಇಷ್ಟೆಲ್ಲ ಆಗುವ ತನಕ ಸಾಲಿನವರು ಬಿಸಿಲಲ್ಲಿ ನಿಂತೇ ಇದ್ದರು. ಒಬ್ಬ ಗುತ್ತಿಗೆದಾರ ವಟವಟ ಅನ್ನತೊಡಗಿದ್ದಕ್ಕೆ ಬುಟ್ಟಿಯ ಹೆಂಗಸರೇ ಅವನ ಬಾಯಿ ಮುಚ್ಚಿಸಿದರು.

ನಾನು ಬೂಟು ಕಳಚಿ ಒಳಗೆ ಹೋದೆ. ಹುಡುಗಿ ದೇವಿಗೆ ಕೈ ಮುಗಿದು ಉಡಿಯನ್ನು ಟವೆಲಿನ ಮೇಲೆ ಇಳಿಸಿದಳು. ನಾನು ಒಂದೊಂದಾಗಿ ನೋಡಿದೆ. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಕೆ, ಅರಿಷಿಣ ಬೇರು, ಎಲೆ, ಒಂದು ಕುಪ್ಪಸದ ಖಣ. ಖಣದ ಮಡಿಕೆಯೊಳಗೆ ಸಿಕ್ಕಿತು ನನ್ನ ಡಿಟೆಕ್ಟರ್ ಕೂಗಿದ ವಸ್ತು: ಹಳೆಯ ಕುಡಗೋಲಿನ ಮುರಿದ ತುದಿ. ಮಗಳಿಗೆ ದೃಷ್ಟಿ ತಾಗಬಾರದೆಂದು ತಾಯಿ ಕಬ್ಬಿಣ ಇಟ್ಟು ಕಳಿಸಿದ್ದಳು. ಎಲ್ಲಿಗೆ ಕಳಿಸುತ್ತಿದ್ದೇನೆ ಅನ್ನುವುದು ಆ ತಾಯಿಗೆ ಹೊಳೆದೇ ಇರಲಿಲ್ಲ.

ಹೊಸ್ತಿಲ ಹೊರಗೆ ನಿಂತಿದ್ದ ಸಾಹೇಬರಿಗೆ ತೋರಿಸಿದೆ. ಅವರ ಮುಖದಲ್ಲಿ ನಗು ಬಂತು, ಆದರೂ, "ಇದು ಒಳಗ ಹೋಗೂದಿಲ್ರಿ," ಅಂದರು.

ಮುದುಕಿ ಕುಡಗೋಲಿನ ತುದಿ ನೋಡಿ ತಲೆಗೆ ಕೈ ಹಚ್ಚಿಕೊಂಡಳು. "ಬೀಗತಿ ಬುದ್ಧಿ ನೋಡ್ರಿ! ಇಟ್ಟಕೋರಿ ಸಾಹೇಬ್ರ, ಇಟ್ಟಕೋರಿ. ಇಷ್ಟ ಬಂದೂಕ ಕಾಯೂವಲ್ಲಿ ಯಾರ ದೃಷ್ಟಿ ತಾಗತೈತಿ?"

ಎಲ್ಲರೂ ನಕ್ಕೆವು. ಮುಗಿಯಿತು ಅಂತ ನಾನು ಬೂಟಿನ ಕಡೆ ಹೊರಟೆ.

"ಬಾಯಾರ, ಇಳಿಸಿದ ಉಡಿ ಬರಿದು ಮಾಡಿ ಕಳಸ್ತಾರೇನು? ತುಂಬಿ ಕಳಸ್ರಿ," ಅಂದರು ಸಾಹೇಬರು ನನ್ನ ಕಡೆ ತಿರುಗಿ.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ಸಾಹೇಬ್ರ, ನಾ ತುಂಬಬಾರದ್ರಿ. ನಿಮಗ ಗೊತ್ತೈತಿ."

"ಗೊತ್ತೈತಿ. ಆಕಿ ತನ್ನ ಉಡಿ ತಾನ ತುಂಬಿಕೊಳ್ಳೂ ಹಂಗಿಲ್ಲ. ನೋಡಿದ ಸಾಮಾನು ನೋಡಿದವರ ಕೈಯಿಂದನ ಹೋಗಬೇಕು ಅನ್ನೂದೂ ನಿಮಗ ಗೊತ್ತೈತಿ." ಆಮೇಲೆ ದನಿ ಇನ್ನಷ್ಟು ತಗ್ಗಿಸಿದರು. "ಆಕಿನ್ನ ಕೇಳ್ರಿ. ಆಕಿ ಒಲ್ಲೆ ಅಂದ್ರ ನಮ್ಮ ಮನ್ಯಾಕಿನ್ನ ಕರಸ್ತೇನಿ. ಆಕಿನ್ನ ನೀವು ತಪಾಸ್ ಮಾಡ್ರಿ, ಸಾಮಾನು ಮತ್ತೊಮ್ಮಿ ನೋಡ್ರಿ. ತಡ ಆದ್ರ ಆಗಲಿ. ಆದ್ರ ಮೊದಲ ಕೇಳ್ರಿ."

ಗಂಡ ಸತ್ತ ಮೇಲೆ ನಾನು ಯಾರ ಉಡಿಯನ್ನೂ ತುಂಬಿರಲಿಲ್ಲ, ಒಡಹುಟ್ಟಿದ ತಂಗಿಯದೂ ಇಲ್ಲ. ಅವಳ ಕುಬಸದ ದಿನ ನಾನು ಹೊರ್ತಿಯ ಮನೆಯ ಅಡುಗೆಕೋಣೆಯಲ್ಲಿ ಹೋಳಿಗೆ ಬೇಯಿಸುತ್ತ ಕೂತಿದ್ದೆ, ಹೊರಗೆ ಬಾ ಎಂದು ಯಾರೂ ಕರೆದಿರಲಿಲ್ಲ. ಇನ್ನು ಈ ಹುಡುಗಿ ನನಗೆ ಏನಾಗಬೇಕು? ಅವಳು ಒಲ್ಲೆ ಅಂದರೆ ತಪ್ಪೇನು?

ನಾನು ಸುಮ್ಮನೆ ನಿಂತದ್ದನ್ನು ಅವಳು ನೋಡಿದಳು. ನಮ್ಮ ಮಾತೂ ಕಿವಿಗೆ ಬಿದ್ದಿರಬೇಕು. ಎದ್ದು ನಿಂತು ಸೆರಗನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಒಡ್ಡಿದಳು.

"ನೀವ ತುಂಬ್ರಿ ಅಕ್ಕಾರ. ಒಂದೊಂದೂ ಕೈಯಾಗ ಹಿಡದು ನೋಡಿ, ಕೆಟ್ಟದ್ದೇನೂ ಇಲ್ಲ ಅಂತ ನೀವ ಹೇಳೀರಿ. ನನಗ ಅಷ್ಟ ಸಾಕು."

ನಾನು ಮುದುಕಿಯ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ದೇವಿಯ ಪಟವನ್ನೇ ನೋಡುತ್ತಿದ್ದಳು.

ತುಂಬಿದೆ. ಅಕ್ಕಿಯ ಬೊಗಸೆ ಎತ್ತುವಾಗ ನಾಲ್ಕು ಕಾಳು ನೆಲಕ್ಕೆ ಉದುರಿದವು. ಹುಡುಗಿ ನನ್ನ ಕಾಲು ಮುಟ್ಟಲು ಬಾಗಿದಳು.

"ಬಾಗಬ್ಯಾಡ!" ಎಂದಳು ಮುದುಕಿ. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ. ಆಮೇಲೆ ಅವಳು, "ಹೊಟ್ಟಿ ಐತಿ, ಬಾಗಬ್ಯಾಡ. ನಿಂತಽ ಕೈ ಮುಗಿ, ಸಾಕು," ಅಂದಳು.

ಅವರು ಒಳಗೆ ಹೋದರು. ನಾನು ಬೂಟು ಹಾಕಿಕೊಂಡು ಸಾಲಿನ ಮುಂದಿನವಳ ಬುತ್ತಿ ನೋಡಿದೆ.

ಆದರೆ ನನಗೆ ನಿದ್ದೆ ಹತ್ತದೆ ಹೋದದ್ದು ಅಲ್ಲಿಂದ ಮುಂದೆ. ಅವಳಿಗೆ ಏನಾದರೂ ಆದರೆ? ಮುದುಕಿ ಹೇಳಿದ್ದು ಸುಳ್ಳಲ್ಲ, ಮಂದಿ ಕೈ ಹುಡುಕುತ್ತಾರೆ. ಗೇಟಿನಲ್ಲಿ ವಿಧವೆ ಉಡಿ ತುಂಬಿದ್ದು ಸಾಲಿನಲ್ಲಿ ನಿಂತಿದ್ದ ಅಷ್ಟೂ ಜನಕ್ಕೆ ಗೊತ್ತಿತ್ತು. ಹೆರಿಗೆಗೆಂದು ಅವಳು ತವರಿಗೆ ಹೊರಟಾಗ ಅವಳ ಮುಖ ನೋಡಲೂ ನನಗೆ ಹೆದರಿಕೆ. ಆಪರೇಟರ್ ಪಾಳಿಗೆ ಬಂದಾಗ ಕೇಳಬೇಕೆನಿಸುತ್ತಿತ್ತು, ಕೇಳುತ್ತಿರಲಿಲ್ಲ. ಸಾಹೇಬರಿಗೆ ಅದು ತಿಳಿದಿತ್ತು. ಅವರು ದಿನಾ ಆಪರೇಟರನನ್ನು ಗೇಟಿನಲ್ಲೇ ನಿಲ್ಲಿಸಿ, ಎಂದೂ ಎತ್ತದ ದನಿ ಎತ್ತಿ, "ಏನಪಾ, ಮನಿ ಕಡೆ ಆರಾಮೇನು?" ಎಂದು ಕೇಳುತ್ತಿದ್ದರು. ಅವನು "ಆರಾಮ್ರಿ" ಅಂದರೆ ನನ್ನ ಕಡೆ ನೋಡದೆ ಹೋಗಿಬಿಡುತ್ತಿದ್ದರು. ಗೋಡೆ ಕಟ್ಟಿಸಿದವರು, ದೋಣಿ ಓಡಿಸಿದವರು ದೊಡ್ಡವರೇ ಇರಬಹುದು. ನನಗೆ ಸರಕಾರ ಅಂದರೆ ಇವತ್ತಿಗೂ ಆ ಎತ್ತಿದ ದನಿಯೇ ನೆನಪಾಗುತ್ತದೆ.

ಒಂದು ದಿನ ಆಪರೇಟರ್ ಪೇಡೆ ಹಂಚಿದ. ನಾನು ಪೇಡೆ ಬಾಯಿಗೆ ಹಾಕಿಕೊಂಡು ಚೀಲ ನೋಡುತ್ತ ನಿಂತೆ.

ಅದಾಗಿ ಕೆಲವು ತಿಂಗಳಿಗೆ, ಬೆಳಗಿನ ಪಾಳಿಯ ಗದ್ದಲದಲ್ಲಿ, ಬುತ್ತಿಯ ಹೆಂಗಸರ ನಡುವೆ ಆ ಮುದುಕಿ ಕಂಡಳು. ಈ ಸಲ ಸೊಸೆಯ ಪಕ್ಕದಲ್ಲೇ ನಿಂತಿದ್ದಳು, ಎದೆಗೆ ಒಂದು ಕೌದಿಯ ಗಂಟು ಅವುಚಿಕೊಂಡು. ಮುಂದೆ ಬಿಡಲು ಹೊರಟವರಿಗೆ, ಸಾಲು ಅಂದರೆ ಸಾಲು ಎಂದು ಜಬರಿಸಿ ತನ್ನ ಸರದಿ ಬರುವ ತನಕ ಕಾದಳು. ನನ್ನೆದುರಿಗೆ ಬಂದು ಕೌದಿಯ ಅಂಚು ಸರಿಸಿದಳು. ಒಳಗೆ ಹೆಣ್ಣುಕೂಸು, ಕಣ್ಣು ಮುಚ್ಚಿ ಮಲಗಿತ್ತು.

"ಹಂಗ ಯಾಕ ನಿಂತಿ? ಕೈ ತೊಳಕೊ," ಅಂದಳು. ನಾನು ತೊಳೆದುಕೊಂಡೆ. "ಹೂಂ, ಹಿಡಿ. ಮನಿ ಹೊಸ್ತಲಾ ದಾಟೂಕಿಂತ ಮೊದಲ ಒಮ್ಮಿ ನೀ ಎತ್ತಿಕೋ."

ಖಾಕಿ ಹಾಕಿಕೊಂಡು ಗೇಟಿನಲ್ಲಿ ನಿಂತು ನಾನು ಅತ್ತದ್ದು ಅದೊಂದೇ ಸಲ. ಸಾಲಿನಲ್ಲಿದ್ದವರು ಯಾರೂ ತಡವಾಯಿತೆಂದು ಗೊಣಗಲಿಲ್ಲ.